ಮನೆ ಚೆನ್ನಾಗಾಯ್ತು ಕದಾ, ಕೋನಪ್ಪಾ

ನಮ್ಮಣ್ಣ ಕೋನಪ್ಪನಂಥ ದಡ್ಡ ಈ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಒಡಹುಟ್ಟಿದೋಳು ನಾನು ಹೇಳಬಹುದು. ಬೇರೆ ಯಾರಾದ್ರೂ ಹೇಳಿದ್ರೆ ಅವರ ನಾಲಿಗೆ ಸೀಳ್ತೀನಿ. ಅಣ್ಣ ಗಾರೆ ಕೆಲಸದೋನು. ಶಿಡ್ಲಘಟ್ಟದಿಂದ ಚಿಂತಾಮಣಿವರೆಗೂ, ಅತ್ಲಾಗೆ ಅಂಬಾಜಿದುರ್ಗದ ಬುಡದ ಹಳ್ಳಿಗಳವರೆಗೂ ಅವನು ಗೋಡೆ ಎತ್ತಿದ ಮನೆಗಳು ಎಷ್ಟಿವೆ ಅಂತ ಅವನಿಗೇ ಲೆಕ್ಕ ಇಲ್ಲ. ಅಷ್ಟು ಜನಕ್ಕೆ ಸೂರು ಮಾಡಿಕೊಟ್ಟೋನು ತಾನು ಮಾತ್ರ ತಲೆ ನರೆಯೋವರೆಗೂ ಬಾಡಿಗೆ ಮನೇಲಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ಮನೆ ಹೇಳ್ತಾರಾ?

ನಮ್ಮೂರಿನ ಹೆಸರು ಹೇಳಲ್ಲ. ಹೇಳಿದ್ರೆ ಪುರಸಭೆ ಆಫೀಸಿನೋರ ಹೆಂಡ್ರು ಮಕ್ಕಳು ನಾಳೆ ನಲ್ಲಿ ಹತ್ರ ನನ್ನ ಜುಟ್ಟು ಹಿಡೀತಾರೆ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಇದೆ, ಪುರಸಭೆ ಇದೆ, ರೇಷ್ಮೆ ಚರಕದ ಶೆಡ್ಡುಗಳಿವೆ, ಅಷ್ಟು ಸಾಕು.

ನನ್ನ ಹೆಸರು ಆಂಜಿನಮ್ಮ. ಐವತ್ತೈದನೇ ಇಸವೀಲಿ ಗಂಡ ಜ್ವರ ಬಂದು ಹೋದ್ರು. ಮಕ್ಕಳಿಲ್ಲ, ಅತ್ತೆ ಮನೇಲಿ ಬೆಲೆ ಇಲ್ಲ. ಕೆಂಚಾರ್ಲಹಳ್ಳಿಯಿಂದ ಒಂದು ತಗಡಿನ ಪೆಟ್ಟಿಗೆ ಹೊತ್ಕೊಂಡು ಅಣ್ಣನ ಮನೆಗೆ ಬಂದೆ. ಅತ್ತಿಗೆ ಅಕ್ಕಯ್ಯಮ್ಮ ಒಂದು ಮಾತು ಕೇಳಲಿಲ್ಲ, ಪೆಟ್ಟಿಗೆ ಇಸ್ಕೊಂಡು ಒಳಗಿಟ್ಟು, "ಮುದ್ದೆ ಬಿಸಿ ಇದೆ, ಕೂತ್ಕೋ ಬಾ" ಅಂದ್ಲು. ಕೇಳಿದೋನು ಮನೆ ಮಾಲೀಕ. ವೆಂಕಟರಾಯಪ್ಪ ಅಂತ, ಒಂದೇ ಅಂಗಳಕ್ಕೆ ಆರು ಮನೆ ಇರೋ ವಠಾರ ಅವನದು. ಮಾರನೇ ಬೆಳಿಗ್ಗೆ ಬಾಗಿಲಿಗೆ ಬಂದು, "ಮನೇಲಿ ಒಂದು ತಲೆ ಜಾಸ್ತಿ ಆಯ್ತು ಕದಾ ಕೋನಪ್ಪಾ" ಅಂದ. ಮಾತಿಗೊಂದು ಸಲ ನಮ್ಮ 'ಅಲ್ವಾ' ಬದಲು ತೆಲುಗಿನ 'ಕದಾ' ಸೇರಿಸ್ದೆ ಇದ್ರೆ ಅವನಿಗೆ ಉಂಡಿದ್ದು ಜೀರ್ಣ ಆಗ್ತಿರ್ಲಿಲ್ಲ. ಐದು ರೂಪಾಯಿ ಬಾಡಿಗೆ ಆರಾಯ್ತು. ನನ್ನ ತಲೆಗೆ ಒಂದು ರೂಪಾಯಿ.

ಮನೆ ಅಂದ್ರೆ ಏನು? ಒಂದು ಕೋಣೆ, ಒಂದು ಅಡಿಗೆ ಸಂದಿ. ಅಣ್ಣ ಅತ್ತಿಗೆ ಕೋಣೇಲಿ, ನಾನು ಒಲೆಗೂ ಒರಳುಕಲ್ಲಿಗೂ ಮಧ್ಯೆ. ಕಾಲು ಚಾಚಿದ್ರೆ ಒಲೆ, ಮಡಿಚಿದ್ರೆ ಕಲ್ಲು. ಬೆಳಗಾದ್ರೆ ಖಾಜಾ ಪೀರ್ ಸಾಹೇಬರ ಚರಕದ ಶೆಡ್ಡಿನಲ್ಲಿ ಕುದಿಯೋ ನೀರಲ್ಲಿ ಕೈ ಅದ್ದಿ ರೇಷ್ಮೆ ಗೂಡಿನಿಂದ ನೂಲು ತೆಗೆಯೋ ಕೆಲಸ. ಸಾಯಂಕಾಲಕ್ಕೆ ಬೆರಳೆಲ್ಲ ಬೆಂದ ಆಲೂಗಡ್ಡೆ ಸಿಪ್ಪೆ ಥರ ಸುಲೀತಾ ಇರ್ತಿತ್ತು. ಮನೆಗೆ ಬಂದು ಸೀರೆ ಬದಲಾಯಿಸಬೇಕು ಅಂದ್ರೂ ಅಣ್ಣನ್ನ ಆಚೆಗೆ ಕಳಿಸಬೇಕು. ನನಗೆ ಬೇಕಾಗಿದ್ದು ಒಂದೇ. ಒಳಗಿಂದ ಅಗಳಿ ಹಾಕ್ಕೊಳ್ಳೋ ಬಾಗಿಲಿರೋ ಒಂದು ಕೋಣೆ. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಅಗಳಿ ಕೇಳಿದೆ. ಅಣ್ಣ ಅವತ್ತೇ, "ನಿಂಗೊಂದು ಕೋಣೆ ನಾನು ಕಟ್ಟಿಕೊಡ್ತೀನಿ ಕಣಮ್ಮ" ಅಂತ ಮಾತು ಕೊಟ್ಟ.

ಕೊಟ್ಟೋನು ಏನು ಮಾಡ್ದ ಗೊತ್ತಾ? ವೆಂಕಟರಾಯಪ್ಪನ ಮನೆ ರಿಪೇರಿ ಮಾಡ್ದ!

ಅದು ಅವನ ಕೈಗಂಟಿದ ರೋಗ. ಬಿರುಕು ಬಿಟ್ಟ ಗೋಡೆ ನೋಡಿದ್ರೆ ಅವನಿಗೆ ಅನ್ನ ಇಳಿಯಲ್ಲ. ಒಂದು ಭಾನುವಾರ ಪಡುವಲ ಗೋಡೆ ಬಿರುಕಿಗೆ ಗಾರೆ ತುಂಬಿ ನುಣ್ಣಗೆ ತೀಡಿದ. ತಿಂಗಳು ಮುಗೀತು, ವೆಂಕಟರಾಯಪ್ಪ ಬಂದ, ಗೋಡೆ ಸವರಿ ನೋಡ್ದ. "ಮನೆ ಚೆನ್ನಾಗಾಯ್ತು ಕದಾ ಕೋನಪ್ಪಾ" ಅಂದ. ಬಾಡಿಗೆ ಎಂಟು. ಮಳೆಗಾಲದಲ್ಲಿ ಸೋರೋ ಮೂಲೆಗೆ ಹೆಂಚು ತಿರುವಿ ಹಾಕಿದ. "ಮನೆ ಚೆನ್ನಾಗಾಯ್ತು ಕದಾ." ಹತ್ತು. ಬಚ್ಚಲಿಗೆ ಕಲ್ಲು ಹಾಸಿದ. ಹದಿನಾಲ್ಕು! ಹೊರಗಡೆಯಿಂದ ರೇಷ್ಮೆ ಕೆಲಸಕ್ಕೆ ಜನ ಬಂದು ಬಂದು ಊರಲ್ಲಿ ಹಿಡಿ ಜಾಗಕ್ಕೂ ಗಿರಾಕಿ ಇತ್ತು. ಬಿಟ್ಟು ಹೋಗ್ತೀವಿ ಅಂದ್ರೆ, "ಹೋಗಿ, ನಾಳೇನೇ ಇನ್ನೊಬ್ರು ಬರ್ತಾರೆ" ಅಂತಿದ್ದ.

"ಅಯ್ಯೋ ಪುಣ್ಯಾತ್ಮಾ, ಬಿರುಕಿದ್ರೆ ಇರಲಿ ಬಿಡು! ನೀನು ಒಂದೊಂದು ಕರಣೆ ಗಾರೆ ಬಳಿದ್ರೂ ನಮ್ಮ ಬಾಡಿಗೆ ಏರ್ತಾ ಇದೆ" ಅಂತ ಬಡ್ಕೊಂಡೆ.

"ಗೋಡೆ ಏನು ಪಾಪ ಮಾಡಿದೆ ಆಂಜಿನಮ್ಮ?" ಅಂದ. ಇಂಥೋನ ಜೊತೆ ಏನು ಮಾತಾಡೋದು?

ಕೊನೆಗೆ ಅತ್ತಿಗೆ ಬಾಯಿ ಬಿಟ್ಲು. ನಮ್ಮಪ್ಪನ ಕಾಲದ್ದು, ಕೆರೆ ಏರಿ ದಾರೀಲಿ ಹುಲ್ಲು ಬಣವೆ ಹಾಕ್ತಿದ್ದ ಒಂದು ಚೂರು ಜಾಗ ಇತ್ತು. "ಅಲ್ಲೇ ಕಟ್ಟಣ. ಕಲ್ಲು ಚಪ್ಪಡಿ ಇಲ್ಲಿ ಅಗ್ಗ, ಇಟ್ಟಿಗೆ ನಾವೇ ಕೊಯ್ಯಣ, ಕೆಲಸಗಾರ ಮನೇಲೇ ಇದಾನೆ" ಅಂದ್ಲು. ನಾಲ್ಕು ತಿಂಗಳ ಕೆಲಸ ಅಂತ ಅಣ್ಣ ಬೆರಳು ಮಡಿಚಿ ಲೆಕ್ಕ ಹೇಳಿದ. ಮುಂದಿನ ಕೋಣೆ ನಂದು, ಅದರ ಬಾಗಿಲಿಗೆ ಕಬ್ಬಿಣದ ಅಗಳಿ ಅಂತಲೂ ಹೇಳಿದ. ಅದು ಅರವತ್ತನೇ ಇಸವಿ ಸಂಕ್ರಾಂತಿ.

ಹಳ್ಳಿ ಕಡೆ ಕಟ್ಟೋಕೆ ಯಾರನ್ನೂ ಕೇಳೋ ಹಾಗಿರಲಿಲ್ಲ. ಊರಲ್ಲಾದ್ರೆ ಕಾಗದ ಪತ್ರ ಎಲ್ಲ ಮನೆ ಕಟ್ಟಿಸೋರೇ ನೋಡ್ಕೋತಿದ್ರು. ಅಣ್ಣ ಪುರಸಭೆ ಮೆಟ್ಟಲು ಹತ್ತಿದ್ದು ಅದೇ ಮೊದಲು. ನಾನೂ ಜೊತೆಗೆ ಹೋದೆ. ಗುಮಾಸ್ತ ತಲೆ ಎತ್ತದೆ, "ಅರ್ಜಿ, ಜಾಗದ ಪತ್ರ, ಕಂದಾಯದ ರಸೀದಿ, ನಕ್ಷೆ ಮೂರು ಪ್ರತಿ" ಅಂದ.

"ನಕ್ಷೆ ತಲೇಲಿದೆ ಸ್ವಾಮಿ" ಅಂದ ಅಣ್ಣ.

"ಹಂಗಾದ್ರೆ ತಲೇನೇ ಮೂರು ಪ್ರತಿ ತಗೊಂಬಾ" ಅಂದ ಗುಮಾಸ್ತ. ಪಕ್ಕದ ಮೇಜಿನೋರೆಲ್ಲ ನಕ್ರು. ಅಣ್ಣನೂ ನಕ್ಕ, ಅದು ತನ್ನ ಬಗ್ಗೆ ಅಂತ ಗೊತ್ತಾಗದೆ.

ನಕ್ಷೆ ಬರಿಯೋ ಒಬ್ಬ ಅಯ್ಯನ ಹತ್ರ ಹೋಗಿ, "ಉದ್ದ ಇಪ್ಪತ್ತಮೂರು ಅಡಿ, ಅಗಲ ಹದಿನೇಳು" ಅಂತ ಅಣ್ಣ ಸ್ಪಷ್ಟವಾಗಿ ಹೇಳಿದ. ನಾನೇ ಕೇಳಿದೀನಿ. ಆ ಅಯ್ಯ ಹೂಂ ಹೂಂ ಅಂದು, ಹದಿನೈದು ರೂಪಾಯಿ ಇಸ್ಕೊಂಡು, ನೀಲಿ ಕಾಗದದಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದುಕೊಟ್ಟ. ಅದನ್ನ ಹಾಗೇ ಆಫೀಸಿಗೆ ಕೊಟ್ವಿ. ನಾಲ್ಕು ತಿಂಗಳಲ್ಲಿ ಮನೆ ಕಟ್ಟೋನಿಗೆ ಲೈಸೆನ್ಸ್ ಬರೋಕೆ ಹನ್ನೊಂದು ತಿಂಗಳು. ಇವತ್ತು ಹೋದ್ರೆ ಗುಮಾಸ್ತ ರಜ, ನಾಳೆ ಹೋದ್ರೆ ಸೀಲು ಬೀರುವಲ್ಲಿ, ನಾಡಿದ್ದು ಹೋದ್ರೆ ಬೀರುವಿನ ಬೀಗದಕೈ ಗುಮಾಸ್ತನ ಮನೇಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರು ಯಾರು ಅಂತಲೇ ಗೊತ್ತಾಗಲಿಲ್ಲ, ಬರೀ ಪೂಜಾರಿಗಳೇ. ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದೋರು ಪುರಸಭೆ ನೋಡಿರಲಿಲ್ಲ. ನೋಡಿದ್ರೆ ಗಾದೆ ಇನ್ನೂ ಉದ್ದ ಇರ್ತಿತ್ತು.

ಲೈಸೆನ್ಸ್ ಬಂತು. ಅಣ್ಣ ಬೆಳಿಗ್ಗೆ ಊರೋರ ಕೆಲಸ, ಸಾಯಂಕಾಲ ನಮ್ಮ ಕೆಲಸ. ನಾನೂ ಅತ್ತಿಗೆನೂ ಮಣ್ಣು ತುಳಿದು ಇಟ್ಟಿಗೆ ಹಾಕಿದ್ವಿ. ನೀಲಿ ಕಾಗದ ಪೆಟ್ಟಿಗೇಲೇ ಇತ್ತು, ಅದನ್ನ ಅಣ್ಣ ಬಿಚ್ಚಿ ಕೂಡ ನೋಡಲಿಲ್ಲ. ಅವನ ಅಳತೆ ಎಲ್ಲ ಗಂಟು ಹಾಕಿದ ಹಗ್ಗದಲ್ಲಿ. ಅರವತ್ತೊಂದರ ದಸರಾ ಹೊತ್ತಿಗೆ ಗೋಡೆ ಎದ್ದು, ಚಪ್ಪಡಿ ಕೂತು, ಬಾಗಿಲೂ ನಿಂತಿತ್ತು. ನನ್ನ ಕೋಣೆ ಬಾಗಿಲಿಗೆ ಅಗಳಿ ಹಾಕಿ ಅಣ್ಣ, "ಹಾಕಿ ನೋಡು" ಅಂದ. ಒಳಗೆ ಹೋಗಿ ಹಾಕಿದೆ. ಟಕ್ ಅಂತು. ಒಬ್ಬಳೇ ನಿಂತ್ಕೊಂಡು ಸುಮ್ಮನೆ ಅದನ್ನೇ ನೋಡಿದೆ. ಸಂತೋಷ ತಡೆಯೋಕಾಗಲಿಲ್ಲ. ತೆಗೆದು ಮತ್ತೆ ಹಾಕಿದೆ.

ಆದ್ರೆ ಒಳಗೆ ಸಂಸಾರ ಹೂಡಬೇಕು ಅಂದ್ರೆ, ಮನೆ ಲೈಸೆನ್ಸ್ ಪ್ರಕಾರ ಇದೆ ಅಂತ ಪುರಸಭೆ ಓವರ್ಸಿಯರ್ ಸರ್ಟಿಫಿಕೇಟ್ ಕೊಡಬೇಕಾಗಿತ್ತು. ಓವರ್ಸಿಯರ್ ಬಂದ್ರು, ಟೇಪು ಹಿಡಿದ್ರು, ನೀಲಿ ಕಾಗದ ನೋಡಿದ್ರು. ಮತ್ತೆ ಟೇಪು ಹಿಡಿದ್ರು.

"ಏನಯ್ಯಾ ಇದು? ನಕ್ಷೇಲಿ ಇಪ್ಪತ್ತನಾಲ್ಕು ಹದಿನೆಂಟು. ನೀನು ಕಟ್ಟಿರೋದು ಇಪ್ಪತ್ತಮೂರು ಹದಿನೇಳು!"

ಆ ನಕ್ಷೆ ಅಯ್ಯ ಲೆಕ್ಕ ಸುಲಭ ಆಗಲಿ ಅಂತ ಒಂದೊಂದು ಅಡಿ ಸೇರಿಸಿ ಬರೆದಿದ್ದ! ಅವನ ಕೈಗೆ ಕರಿನಾಗರ ಕಚ್ಚ!

"ಕಮ್ಮೀನೇ ಕಟ್ಟಿದೀವಲ್ಲ ಸ್ವಾಮಿ, ಯಾರ ಜಾಗನೂ ಒತ್ತಿಲ್ಲ" ಅಂದೆ ನಾನು.

"ಜಾಸ್ತಿ ಕಟ್ಟಿದ್ರೆ ದಂಡ ಹಾಕಿ ಬಿಡಬಹುದಮ್ಮ. ಕಮ್ಮಿ ಕಟ್ಟಿದ್ರೆ ನಮ್ಮ ಪುಸ್ತಕದಲ್ಲಿ ಬರಿಯೋಕೆ ಜಾಗಾನೇ ಇಲ್ಲ. ಒಂದಡಿ ಒಡೆದು ದೊಡ್ಡದು ಮಾಡಿ, ಇಲ್ಲಾ ಹೊಸ ನಕ್ಷೆ ಕೊಡಿ. ಅಲ್ಲೀವರೆಗೂ ಒಳಗೆ ಪಾತ್ರೆ ಇಟ್ರೂ ಕೆಡವೋ ನೋಟೀಸು ಬರುತ್ತೆ."

ಅಣ್ಣ ಆಗ ಕೈ ಮುಗಿದು ನಿಂತ. "ದೊಡ್ಡದು ಮಾಡೋ ಹಾಗಿಲ್ಲ ಸ್ವಾಮಿ. ಆಯ ಕೆಡುತ್ತೆ."

ಆಯ ಅಂದ್ರೆ ಗೊತ್ತಲ್ಲ. ಮನೆ ಉದ್ದಾನ ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದ್ರೆ ಧ್ವಜ, ಎರಡು ಹೊಗೆ, ಮೂರು ಸಿಂಹ, ನಾಲ್ಕು ನಾಯಿ, ಐದು ಎತ್ತು, ಆರು ಕತ್ತೆ, ಏಳು ಆನೆ. ಏನೂ ಉಳೀದೆ ಇದ್ರೆ ಕಾಗೆ. ನಮ್ಮ ಕಡೆ ಆಯ ನೋಡದೆ ಕೊಟ್ಟಿಗೆ ಕೂಡ ಕಟ್ಟಲ್ಲ. ಓದು ಬರಹ ಇಲ್ಲದ ನಮ್ಮಣ್ಣ ಇದನ್ನ ಮಾತ್ರ ಕಣ್ಣು ಮಿಟುಕಿಸೋದ್ರೊಳಗೆ ಹೇಳ್ತಾನೆ. ನಮ್ಮದು ಇಪ್ಪತ್ತಮೂರು ಹದಿನೇಳು, ಏಳು ಉಳಿಯುತ್ತೆ, ಆನೆ. ನಕ್ಷೇಲಿ ಇರೋದು ಕಟ್ಟಿದ್ರೆ ಕಾಗೆ.

ಓವರ್ಸಿಯರ್‌ಗೆ ನಗು ಬಂತು. "ಹೌದೇನಯ್ಯಾ? ನಮ್ಮನೆ ಮೂವತ್ತು ಇಪ್ಪತ್ತೈದು. ಅದು ಯಾವ ಆಯ?" ಅಂದ್ರು.

ನಾನು ಅಣ್ಣನ ತೋಳು ಚಿವುಟಿದೆ. ದೇವರಾಣೆಗೂ ಚಿವುಟಿದೆ. ಆನೆ ಅಂತಲೋ ಸಿಂಹ ಅಂತಲೋ ಹೇಳಿದ್ರೆ ಇವನ ಗಂಟೇನು ಹೋಗ್ತಿತ್ತು? ಇವನು ಎರಡು ಸಲ ಕಣ್ಣು ಮಿಟುಕಿಸಿ, "ಕತ್ತೆ, ಸ್ವಾಮಿ" ಅಂದ.

ಓವರ್ಸಿಯರ್ ಟೇಪು ಸುತ್ತಿ ಜೇಬಲ್ಲಿಟ್ಕೊಂಡು ಹೊರಟೇ ಹೋದ್ರು.

ಅಲ್ಲಿಂದ ಶುರುವಾಯ್ತು ನೋಡಿ ನಮ್ಮ ಶನಿ. ಮತ್ತೆ ಹದಿನೈದು ರೂಪಾಯಿ, ಮತ್ತೆ ನಕ್ಷೆ ಮೂರು ಪ್ರತಿ. ದೀಪಾವಳಿಗೆ ಕೊಟ್ವಿ. ಸಂಕ್ರಾಂತಿಗೆ ವಾಪಸ್ ಬಂತು. ಯಾಕಂತೀರಾ? ಅಡಿ ಅನ್ನೋದೇ ಈಗ ಇಲ್ಲವಂತೆ, ಸರ್ಕಾರ ಮೀಟರ್ ತಂದಿದೆಯಂತೆ, ನಕ್ಷೆ ಮೀಟರಲ್ಲೇ ಇರಬೇಕಂತೆ. ಮನೆ ಅದೇ, ಗೋಡೆ ಅದೇ, ನಾವೂ ಅವರೇ, ಅಳತೆ ಮಾತ್ರ ಸತ್ತುಹೋಯ್ತು! ನಕ್ಷೆ ಅಯ್ಯ ಮೂರನೇ ಸಲ ದುಡ್ಡು ಇಸ್ಕೊಂಡು, ಏಳು ಮೀಟರು, ಐದೂ ಕಾಲು ಮೀಟರಿಗೆ ಒಂಚೂರು ಕಮ್ಮಿ ಅಂತ ಬರೆದ. ಅಣ್ಣ ಅಲ್ಲೇ ಕೂತು, "ಇದಕ್ಕೆ ಆಯ ಏನು ಬರುತ್ತೆ ಹೇಳಿ ಅಯ್ಯಾ" ಅಂತ ಹಟ ಹಿಡಿದ. ಅವನು ಗುಣಿಸಿ ಭಾಗಿಸಿ, ನಾಲ್ಕು ಚಿಲ್ಲರೆ ಉಳಿಯುತ್ತೆ ಅಂದ.

ಮನೆಗೆ ಬಂದು ಅಣ್ಣ ಊಟ ಬಿಟ್ಟ. "ನಾಲ್ಕು ಅಂದ್ರೆ ನಾಯಿ, ಐದು ಅಂದ್ರೆ ಎತ್ತು. ನಾಲ್ಕು ಚಿಲ್ಲರೆ ಅಂದ್ರೆ ಯಾವ ಪ್ರಾಣಿ ಆಂಜಿನಮ್ಮ?"

"ನೀನೇ!" ಅಂದೆ.

ಈ ನಡುವೆ ವೆಂಕಟರಾಯಪ್ಪ ಬಾಡಿಗೆ ಹದಿನೆಂಟು ಮಾಡಿ, ಅದೂ ಸಾಲದೆ, ಯುಗಾದಿಯೊಳಗೆ ಖಾಲಿ ಮಾಡಿ ಅಂತ ಹೇಳಿಬಿಟ್ಟ. ಚರಕ ಇಡೋ ಯಾರೋ ಇಪ್ಪತ್ತೈದು ಕೊಡ್ತೀವಿ ಅಂದಿದ್ರಂತೆ. ಕೆರೆ ಏರಿ ದಾರೀಲಿ ನಮ್ಮ ಮನೆ ಬೀಗ ಹಾಕ್ಕೊಂಡು ನಿಂತಿದೆ, ನಾವಿಲ್ಲಿ ಬೀದಿಗೆ ಬೀಳೋಕೆ ದಿನ ಎಣಿಸ್ತಾ ಕೂತಿದೀವಿ. ನೋಟೀಸು ಬಂದ್ರೆ ಬರಲಿ, ನುಗ್ಗಿಬಿಡಣ ಅಂದೆ. ಅಣ್ಣ ಒಪ್ಪಲಿಲ್ಲ. ನಾನು ಕಟ್ಟಿದ ಗೋಡೇನ ನನ್ನ ಕಣ್ಣ ಮುಂದೆ ಕೆಡವಿದ್ರೆ ನಾನು ಬದುಕಲ್ಲ ಅಂದ.

ಆಫೀಸಿಗೆ ಹೋಗಿ ಹೋಗಿ ಚಪ್ಪಲಿ ಸವೀತು. ಓವರ್ಸಿಯರ್ ನಮ್ಮನ್ನ ಕಂಡ್ರೆ ಮುಖ ಆ ಕಡೆ. ಯುಗಾದಿಗೆ ಹದಿನೈದು ದಿನ ಇತ್ತು. ಹಿಟ್ಟಿನ ಮಿಷನ್ನಿನ ಹತ್ರ ರಾಗಿ ಬೀಸೋಕೆ ನಿಂತಿದ್ದೆ, ಮುಂದೆ ಯಾರು? ಓವರ್ಸಿಯರ್ ಹೆಂಡತಿ ಅಶ್ವತ್ಥಮ್ಮ. ಒಳ್ಳೇ ಹೆಂಗಸು, ದೇವರು ದಿಂಡರು ಅಂದ್ರೆ ಪ್ರಾಣ. ನನ್ನ ನಾಲಿಗೆ ತಡೀಲಿಲ್ಲ.

"ಅಶ್ವತ್ಥಮ್ಮೋರೇ, ತಪ್ಪು ತಿಳೀಬೇಡಿ. ನಿಮ್ಮನೆ ಆಯ ಕತ್ತೆಯಂತಲ್ಲಮ್ಮ? ನಮ್ಮಣ್ಣ ಲೆಕ್ಕ ಹಾಕಿದ. ಕತ್ತೆ ಆಯದಲ್ಲಿ ಯಜಮಾನರಿಗೆ ಎಷ್ಟು ದುಡಿದ್ರೂ ಹೆಸರಿಲ್ಲ ಅಂತಾರೆ."

ಆಯಮ್ಮ ಹಿಟ್ಟಿನ ಡಬ್ಬ ಕೆಳಗಿಟ್ರು. "ಅದಕ್ಕೇನಾ! ಆರು ವರ್ಷದಿಂದ ಇವರಿಗೆ ಬಡ್ತಿ ಇಲ್ಲ ಕಣ್ರೀ!" ಅಂದ್ರು.

ಅವತ್ತೇ ಸಾಯಂಕಾಲ ಓವರ್ಸಿಯರ್ ನಮ್ಮ ವಠಾರದ ಬಾಗಿಲಲ್ಲಿ. ನನ್ನ ಕಡೆ ನೋಡಲಿಲ್ಲ. ಅಣ್ಣನ ಹತ್ರ ಬಂದು ತಗ್ಗಿದ ದನಿಯಲ್ಲಿ, "ಅದಕ್ಕೇನಾದ್ರೂ ಪರಿಹಾರ ಇದೆಯೇನಯ್ಯಾ?" ಅಂತ ಕೇಳಿದ್ರು. ಅಣ್ಣ ಮತ್ತೆ ಎರಡು ಸಲ ಕಣ್ಣು ಮಿಟುಕಿಸಿದ. ಒಳಗಡೆ ಒಂದು ಬದಿಗೆ ಒಂದಡಿ ದಪ್ಪ ಗೋಡೆ ಕೊಟ್ರೆ ಉದ್ದ ಇಪ್ಪತ್ತೊಂಬತ್ತಾಗುತ್ತೆ, ಐದು ಉಳಿಯುತ್ತೆ, ಎತ್ತು ಅಂದ.

ಎಂಟು ದಿನ ಅವರ ಮನೇಲಿ ನೆಲದಿಂದ ಸೂರಿನವರೆಗೂ ಗೋಡೆ ಎತ್ತಿ, ಅದರಲ್ಲಿ ಅಶ್ವತ್ಥಮ್ಮನಿಗೆ ದೀಪ ಇಡೋಕೆ ಮೂರು ಗೂಡೂ ಬಿಟ್ಟು ಬಂದ. ಕೂಲಿ ಇಸ್ಕೊಳ್ಳಲಿಲ್ಲ. ಆ ಗೋಡೆಗೆ ಲೈಸೆನ್ಸ್ ಇತ್ತಾ? ಮೀಟರಲ್ಲಿ ನಕ್ಷೆ ಇತ್ತಾ, ಮೂರು ಪ್ರತಿ ಇತ್ತಾ? ಕೇಳೋಣ ಅಂತ ಬಾಯಿ ತೆಗೆದೆ, ಅತ್ತಿಗೆ ನನ್ನ ಬಾಯಿಗೆ ಕೈ ಅಡ್ಡ ಇಟ್ಲು. ಒಂಬತ್ತನೇ ದಿನ ಓವರ್ಸಿಯರ್ ನಮ್ಮ ಹೊಸ ಮನೆಗೆ ಬಂದು, ಟೇಪು ಜೇಬಿಂದ ಆಚೆ ತೆಗೀದೆ ಸರ್ಟಿಫಿಕೇಟಿಗೆ ರುಜು ಹಾಕಿದ್ರು. ಎರಡು ವರ್ಷದ ಗೋಳು ಒಂದು ರುಜುಗೆ ಮುಗೀತು. ಥೂ ಅವರ!

ಯುಗಾದಿಗೆ ಎರಡು ದಿನ ಮುಂಚೆ ಗಾಡಿ ತಂದು ಸಾಮಾನು ಹೇರಿದ್ವಿ. ಎಲ್ಲಾ ಆಯ್ತು, ಅಣ್ಣ ಮಾತ್ರ ಕಾಣಿಸಲಿಲ್ಲ. ಹುಡುಕ್ಕೊಂಡು ಒಳಗೆ ಹೋದ್ರೆ ಏನು ನೋಡ್ತೀನಿ, ಖಾಲಿ ಮನೇಲಿ ಕುಕ್ಕರುಗಾಲಲ್ಲಿ ಕೂತು ಒಡೆದ ಒಲೆಗೆ ಮಣ್ಣು ಮೆತ್ತಿ ತೀಡ್ತಾ ಇದಾನೆ! "ಮುಂದೆ ಬರೋ ಹೆಣ್ಮಗಳು ಕಣ್ಣಿಗೆ ಹೊಗೆ ಕುಡೀಬೇಕಲ್ಲ ಕಣಮ್ಮ" ಅಂದ. ಕೈಲಿದ್ದ ಪೊರಕೆ ಎತ್ತಿ ಬಿಸಾಕಿದೆ. ಅವನಿಗೆ ತಗಲಲಿಲ್ಲ.

ವೆಂಕಟರಾಯಪ್ಪ ಬೀಗ ಹಾಕೋಕೆ ಬಂದ. ಒಲೆ ನೋಡ್ದ, ಗೋಡೆ ಸವರಿದ. ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ, "ಈ ಮನೆ ಇಪ್ಪತ್ತೈದಕ್ಕೆ ಹೋಯ್ತು. ಮಿಕ್ಕಿದ್ದೂ ಹಂಗೇ. ಈ ತಿಂಗಳಿಂದ ಎಲ್ಲರೂ ಇಪ್ಪತ್ತು ಕೊಡಬೇಕು" ಅಂದ.

ಪಕ್ಕದ ಮನೇಲಿ ಮಹಮೂದಾ ಇದ್ಲು. ಶೆಡ್ಡಲ್ಲಿ ನನ್ನ ಪಕ್ಕದ ತೊಟ್ಟಿಯೋಳು, ತಾಯಿ ಬಿಸ್ಮಿಲ್ಲಾ ಬೀಗೆ ಕಣ್ಣು ಕಾಣಲ್ಲ. ಇಬ್ಬರಿಗೂ ಅವಳೊಬ್ಬಳ ಕೂಲಿ. ಹನ್ನೆರಡು ಕೊಡೋಕೇ ಒದ್ದಾಡ್ತಿದ್ಲು, ಇಪ್ಪತ್ತು ಎಲ್ಲಿಂದ ತರ್ತಾಳೆ? ನಾವು ಹೊಸ ಮನೆಗೆ ಹೋಗಿ ಹತ್ತು ದಿನಕ್ಕೆ ಅವಳ ಪಾತ್ರೆ ಪಡಗ ವಠಾರದ ಹೊರಗಿತ್ತು. ಬಿಸ್ಮಿಲ್ಲಾ ಬೀ ಆ ಪಾತ್ರೆಗಳ ಪಕ್ಕ ಬಿಸಿಲಲ್ಲಿ ಕೂತು, ಬಂದೋರ ಹೆಜ್ಜೆ ಸದ್ದಿಗೆಲ್ಲ ತಲೆ ಎತ್ತಿ, "ಯಾರಪ್ಪಾ?" ಅಂತ ಕೇಳ್ತಿದ್ರು.

ಅಣ್ಣ ಅದನ್ನ ನೋಡಿ ಬಂದು ನನ್ನ ಕೋಣೆ ಹೊಸ್ತಿಲ ಹತ್ರ ನಿಂತ. ಒಳಗೆ ಬರಲಿಲ್ಲ.

"ಆಂಜಿನಮ್ಮ, ಆ ಬಾಡಿಗೆ ಏರಿಸಿದ್ದು ವೆಂಕಟರಾಯಪ್ಪ ಅಲ್ಲ. ನನ್ನ ಕೈ. ನಾನು ಬಳಿದಿದ್ದು ಅವರ ತಲೆ ಮೇಲೆ ಬಿತ್ತು."

ಏನು ಕೇಳ್ತಾನೆ ಅಂತ ನನಗೆ ಗೊತ್ತಾಯ್ತು. "ಕೇಳಬೇಡ. ಏಳು ವರ್ಷ ಒಲೆ ಪಕ್ಕ ಮಲಗಿದೀನಿ. ಹತ್ತು ದಿನ ಆಗಿಲ್ಲ ಈ ಅಗಳಿ ಹಾಕ್ಕೊಂಡು. ದಯವಿಟ್ಟು ಕೇಳಬೇಡ ಅಣ್ಣ" ಅಂದೆ.

"ಕೇಳಲ್ಲ ಕಣಮ್ಮ. ಕೋಣೆ ನಿಂದು. ನೀನು ಹೆಂಗೆ ಹೇಳಿದ್ರೆ ಹಂಗೆ" ಅಂದು ಹೋಗಿ ಪಡಸಾಲೇಲಿ ಕೂತ್ಕೊಂಡ.

ಕೇಳಿದ್ರೆ ಆಗಲ್ಲ ಅಂತ ಜಗಳ ಆಡಬಹುದಿತ್ತು. ಕೇಳದೇ ಇರೋನ ಜೊತೆ ಏನು ಜಗಳ? ಬಾಗಿಲು ಹಾಕಿ ಅಗಳಿ ಎಳೆದೆ. ಒಳಗೆ ಕೂತ್ರೆ ಕಿವೀಲಿ ಅದೇ, "ಯಾರಪ್ಪಾ?" ಅರ್ಧ ಗಂಟೆ ತಡ್ಕೊಂಡೆ. ಆಮೇಲೆ ಎಲ್ಲರಿಗೂ ಶಾಪ ಹಾಕ್ತಾ, ವೆಂಕಟರಾಯಪ್ಪನಿಗೆ, ಓವರ್ಸಿಯರ್‌ಗೆ, ನಕ್ಷೆ ಅಯ್ಯನಿಗೆ, ನಮ್ಮಣ್ಣನಿಗೆ ಇನ್ನೂ ಒಂದು ಕೈ ಜಾಸ್ತಿ ಹಾಕ್ತಾ, ನಾನೇ ಹೋಗಿ ಬಿಸ್ಮಿಲ್ಲಾ ಬೀ ಕೈ ಹಿಡಿದು ಕರ್ಕೊಂಡು ಬಂದೆ. ಮಹಮೂದಾ ಪುಕ್ಕಟೆ ಇರಲ್ಲ ಅಂತ ಹಟ ಮಾಡಿದ್ಲು. ತಿಂಗಳಿಗೆ ಐದು ರೂಪಾಯಿ ಅಂತ ಆಯ್ತು. ಕೋಣೆ ನಂದಾದ್ದರಿಂದ ಬಾಡಿಗೆ ನನ್ನ ಕೈಗೇ ಅಂತ ಅಣ್ಣ ಹೇಳಿದ. ಹೀಗೆ ನಾನು ಮನೆ ಮಾಲೀಕಳಾದೆ, ಮಲಗೋದು ಮಾತ್ರ ಮತ್ತೆ ಒರಳುಕಲ್ಲಿನ ಪಕ್ಕ.

ಹಿತ್ತಲಲ್ಲಿ ನಿನಗೆ ಇನ್ನೊಂದು ಕೋಣೆ ಹಾಕ್ತೀನಿ ಅಂತ ಅಣ್ಣ ಅರ್ಜಿ ಕೊಟ್ಟ. ಮೂರು ಪ್ರತಿ, ಮೀಟರಲ್ಲಿ. ಇದು ಅರವತ್ತೊಂಬತ್ತು. ಏಳು ವರ್ಷ ಆಯ್ತು. ಫೈಲು ಮೇಲೆ ಹೋಗಿದೆ ಅಂತಾರೆ. ಓವರ್ಸಿಯರ್‌ಗೂ ಬಡ್ತಿ ಬಂದು ಬೇರೆ ಊರಿಗೆ ಹೋದ್ರು, ಎತ್ತಿನ ಆಯ ಚೆನ್ನಾಗೇ ಕೆಲಸ ಮಾಡ್ತು. ಹೊಸಬನಿಗೆ ಹೆಂಡತಿ ಇಲ್ಲ, ಹೆದರಿಸೋಕೆ ಯಾರೂ ಸಿಗ್ತಾ ಇಲ್ಲ.

ಹೋದ ತಿಂಗಳ ಮಾತು. ರಂಜಾನ್ ಹಬ್ಬಕ್ಕೆ ಮುಂಚೆ ಮಹಮೂದಾ ಕೋಣೆಗೆ ಸುಣ್ಣ ಬಳಿದ್ಲು. ತನ್ನ ದುಡ್ಡಲ್ಲಿ ತಂದ ಸುಣ್ಣ. ನೆಲ ಕಿತ್ತು ಹೋಗಿದ್ದ ಕಡೆ ಗಾರೆ ಹಾಕಿ, ನಮ್ಮಣ್ಣನ್ನ ನೋಡಿ ಕಲಿತಿದ್ದು, ನುಣ್ಣಗೆ ತೀಡಿದ್ಲು. ಕಿಟಕಿ ಬಾಗಿಲಿಗೆ ಹಸಿರು ಬಣ್ಣ. ನಾನು ಶೆಡ್ಡಿಂದ ಬಂದು ಇಣುಕಿ ನೋಡಿದೆ. ಕಣ್ಣಿಗೆ ಹಬ್ಬ ಅನ್ನೋ ಹಾಗಿತ್ತು. ಗೋಡೆ ಮೇಲೆ ಕೈ ಆಡಿಸಿದೆ.

"ಮನೆ ಚೆನ್ನಾಗಾಯ್ತು ಕದಾ ಮಹಮೂದಾ" ಅಂದೆ.

ಅಂದ ಮೇಲೆ ನನಗೇ ಕೇಳಿಸ್ತು. ಮಹಮೂದಾ ಕೈಲಿದ್ದ ಕುಂಚ ಕೆಳಗಿಟ್ಲು. ಆ ಮಾತಿನ ಮುಂದೆ ಏನು ಬರುತ್ತೆ ಅಂತ ಆ ವಠಾರದಲ್ಲಿ ಇದ್ದೋರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಕೈ ತಾನಾಗೇ ಸೆರಗಿನ ಗಂಟಿಗೆ ಹೋಯ್ತು. "ಎಷ್ಟು ಅಕ್ಕಾ?" ಅಂತ ಮೆಲ್ಲಗೆ ಕೇಳಿದ್ಲು.

ನನಗೆ ಅಳು ಬಂತು. ಆ ಮುಂಡೇಗಂಡನ ಮಾತು ಇಷ್ಟು ವರ್ಷ ಕೇಳಿ ಕೇಳಿ ನನ್ನ ಬಾಯೊಳಗೇ ಗೂಡು ಕಟ್ಕೊಂಡಿತ್ತಲ್ಲ, ನಾನೂ ಹಂಗೇ ಗೋಡೆ ಸವರಿದ್ನಲ್ಲ ಅಂತ ಅಸಹ್ಯ ಆಯ್ತು. ಪಡಸಾಲೇಲಿ ಕೂತು ಕರಣೆ ತೊಳೀತಿದ್ದ ಅಣ್ಣ ಕೈ ನಿಲ್ಲಿಸಿ ನನ್ನನ್ನೇ ನೋಡ್ತಾ ಇದ್ದ. ದಡ್ಡ.

"ಐದು ಕೊಡ್ತಾ ಇದ್ಯಲ್ಲ, ಮುಂದಿನ ತಿಂಗಳಿಂದ ನಾಲ್ಕು ಕೊಡು. ಸುಣ್ಣ ನಿಂದು, ಕೈಕೆಲಸ ನಿಂದು. ಮನೆ ಚೆನ್ನಾಗಿ ಮಾಡಿದೋಳು ನೀನು. ಕಮ್ಮಿ ಆಗಬೇಕಾದ್ದು ನಿನಗೆ" ಅಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ಬಾಡಿಗೆ ಇಳಿಯೋದನ್ನ ಈ ಊರಲ್ಲಿ ಯಾರು ನೋಡಿದಾರೆ? ನನ್ನ ಮುಖ, ಅಣ್ಣನ ಮುಖ, ಎರಡೂ ನೋಡಿ, "ಅದಕ್ಕೂ ಅರ್ಜಿ ಹಾಕಬೇಕಾ ಅಕ್ಕಾ?" ಅಂದ್ಲು.

"ಹಾಕೇ! ಮೂರು ಪ್ರತಿ ಹಾಕು!" ಅಂತ ಗದರಿದೆ, ಕಣ್ಣೊರೆಸ್ಕೊಂಡು ಒಲೆ ಹಚ್ಚೋಕೆ ಒಳಗೆ ಹೋದೆ.